ನಾವೇನು ಹೆರಲಿಲ್ಲವೇ?

ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ. ಮಧ್ಯಾಹ್ನ ಊಟದ ಎಲೆ ಎತ್ತಿದ ಮೇಲೆ ಮಗಳು ಗೋಡೆಗೆ ಒರಗಿ ಕೂತಲ್ಲೇ ಕಣ್ಣು ಮುಚ್ಚಿದಳು. ಹಿಂದಿನ ರಾತ್ರಿ ಆರು ಸಲ ಎದ್ದಿದ್ದಳು. ಆಪರೇಷನ್ನಿನ ಹೊಲಿಗೆ ಇನ್ನೂ ಎಳೆಯುತ್ತಿತ್ತು. ಅವಳನ್ನು ನೋಡಿ, ಬಂದವರಲ್ಲಿ ಹಿರಿಯರೊಬ್ಬರು ಹೇಳಿದರು: “ಈಗಿನ ಹುಡುಗಿಯರಿಗೆ ಒಂದಕ್ಕೇ ಸಾಕುಸಾಕಾಗಿ ಹೋಗುತ್ತೆ. ನಾವೇನು ಹೆರಲಿಲ್ಲವೇ? ಹೆತ್ತು, ಮನೆಗೆಲಸ ಮಾಡಿ, ಕೊಟ್ಟಿಗೆ ಕೆಲಸ ಮಾಡಿ, ಮಕ್ಕಳನ್ನೂ ಸಾಕಲಿಲ್ಲವೇ?” ಸುತ್ತ ಕೂತಿದ್ದ ಹೆಂಗಸರು ಹೌದೆಂದು ತಲೆಯಾಡಿಸಿದರು. ಮಗಳು ಕಣ್ಣು ಬಿಟ್ಟಳು, ನಾಚಿಕೊಂಡಳು, ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು.

ಅವಳು ನಾಚಿದ್ದು ನನಗೆ ಸಹಿಸಲಾಗಲಿಲ್ಲ. ಮೂವತ್ತೊಂದು ವರ್ಷದ ಹಿಂದೆ ಇದೇ ಮಾತು ಕೇಳಿ ಹೀಗೇ ನೆಟ್ಟಗೆ ಕೂತವಳು ನಾನು. ಅಂದು ಉತ್ತರ ಕೊಡಲು ಗೊತ್ತಿರಲಿಲ್ಲ. ಈಗ ಗೊತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಈ ಮಾತು ಆ ಹಿರಿಯರೊಬ್ಬರದೇ ಅಲ್ಲ. ಮಗು ಹುಟ್ಟಿದ ಯಾವ ಮನೆಗೆ ಹೋದರೂ ಕೇಳುತ್ತದೆ. ಈಗ ಅದಕ್ಕೆ ಹೊಸ ವೇಷವೂ ಬಂದಿದೆ. ಮಗಳ ಮೊಬೈಲಿಗೆ ಬರುವ ವಿಡಿಯೊಗಳಲ್ಲಿ ತಲೆ ಬಾಚಿ, ಇಸ್ತ್ರಿ ಮಾಡಿದ ಬಟ್ಟೆ ತೊಟ್ಟ ತಾಯಂದಿರು ಉಪದೇಶ ಮಾಡುತ್ತಾರೆ: ಮಗು ಮಲಗಿದಾಗ ನೀವೂ ಮಲಗಿ, ವಾರದ ಅಡುಗೆ ಮೊದಲೇ ಯೋಚಿಸಿಡಿ, ತರಕಾರಿ ಹೆಚ್ಚಿ ಡಬ್ಬಿಯಲ್ಲಿಡಿ, ಕೆಲಸ ಮತ್ತು ವಿಶ್ರಾಂತಿ ಎರಡನ್ನೂ ತೂಗಿಸಿಕೊಳ್ಳಿ. ಹಿರಿಯರದು ಗದರಿಕೆ, ವಿಡಿಯೊದವರದು ನಗುಮುಖ. ಒಳಗಿರುವುದು ಒಂದೇ ಮಾತು. ಮಗು ನಿನ್ನದು, ಮನೆ ನಿನ್ನದು, ನಿದ್ದೆಯೂ ನಿನ್ನದೇ. ಮೂರನ್ನೂ ಹೊಂದಿಸಿಕೊಳ್ಳುವುದು ನಿನ್ನ ಗಟ್ಟಿತನ, ನಿನ್ನ ಜಾಣತನ. ಆಗದಿದ್ದರೆ ಅದು ನಿನ್ನ ಕೊರತೆ.

ಇದು ಸುಳ್ಳು. ಬಾಣಂತಿಯ ವಿಶ್ರಾಂತಿ ಬಾಣಂತಿಯ ಕೈಯಲ್ಲಿಲ್ಲ, ಎಂದೂ ಇರಲಿಲ್ಲ. ಇನ್ನೊಬ್ಬರು ಮೈ ಮುರಿದು ದುಡಿದರೆ ಮಾತ್ರ ಅವಳಿಗೆ ಅದು ಸಿಗುತ್ತದೆ. ಎಷ್ಟೇ ಜಾಣೆಯಾದರೂ, ಎಷ್ಟೇ ಗಟ್ಟಿಗಿತ್ತಿಯಾದರೂ ಅವಳೇ ಅದನ್ನು ಹುಟ್ಟಿಸಿಕೊಳ್ಳಲಾರಳು.

ನಮ್ಮ ಭಾಷೆಗೆ ಇದು ಚೆನ್ನಾಗಿ ಗೊತ್ತು. ಹೆತ್ತವಳು ಬಾಣಂತಿ, ಬಾಣಂತನ ಮಾಡುವವಳು ಬೇರೊಬ್ಬಳು. “ಅಮ್ಮ ನನ್ನ ಬಾಣಂತನ ಮಾಡಿದಳು” ಎನ್ನುತ್ತೇವೆ. “ತಂಗಿಯ ಬಾಣಂತನಕ್ಕೆ ಹೋಗಿದ್ದೇನೆ” ಎನ್ನುತ್ತೇವೆ. “ಮೂರು ಬಾಣಂತನ ಮಾಡಿ ಸೊಂಟ ಬಿದ್ದುಹೋಯಿತು” ಎನ್ನುವುದು ಅಜ್ಜಿಯಂದಿರ ಮಾತು, ಹೆತ್ತವರದ್ದಲ್ಲ. ಯಾರಾದರೂ “ನನ್ನ ಬಾಣಂತನ ನಾನೇ ಮಾಡಿಕೊಂಡೆ” ಎಂದರೆ ಕೇಳಿದವರು ಅಯ್ಯೋ ಎನ್ನುತ್ತಾರೆ, ನಿನಗೆ ಯಾರೂ ಇರಲಿಲ್ಲವಾ ಎಂದು ಕೇಳುತ್ತಾರೆ. ಮಾತಾಡುವಾಗ ಇಷ್ಟು ಸರಿಯಾಗಿ ತಿಳಿದಿರುವ ನಾವು, ತೀರ್ಪು ಕೊಡುವಾಗ ಮಾತ್ರ ಬಾಣಂತನ ಮಾಡಿದವಳನ್ನು ಮರೆತು ಬಾಣಂತಿಯನ್ನು ಹಿಡಿದುಕೊಳ್ಳುತ್ತೇವೆ.

“ನಾವೇನು ಹೆರಲಿಲ್ಲವೇ” ಎನ್ನುವ ಕಾಲದ ಮನೆಗೆ ಒಮ್ಮೆ ಹೋಗಿ ಬರೋಣ. ನನ್ನ ಅಜ್ಜಿ ಹನ್ನೊಂದು ಹೆತ್ತವಳು. ಹನ್ನೊಂದು ಹೆತ್ತೂ ಗಟ್ಟಿಯಾಗಿದ್ದಳು ಎಂದು ಇವತ್ತಿಗೂ ನಮ್ಮಲ್ಲಿ ಹೇಳುತ್ತಾರೆ. ಉಳಿದದ್ದು ಏಳು ಎಂಬುದನ್ನು ಯಾರೂ ಹೇಳುವುದಿಲ್ಲ. ಅಜ್ಜಿಯ ಕಾಲದ ಮಾತು ಬಿಡಿ, 1971ರಲ್ಲೂ ನಮ್ಮ ದೇಶದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 129 ಮಕ್ಕಳು ವರ್ಷ ತುಂಬುವ ಮೊದಲೇ ಹೋಗುತ್ತಿದ್ದವು. ಅಂಥ ಕಾಲವನ್ನು ತಂದು ಇಂದಿನ ಹುಡುಗಿಯ ಮುಂದೆ ಅಳತೆಗೋಲಾಗಿ ಹಿಡಿಯುವುದು ಅನ್ಯಾಯ.

ಆ ಮನೆಯಲ್ಲಿ ಅಜ್ಜಿಯ ಅತ್ತೆ ಇದ್ದಳು, ಇಬ್ಬರು ವಾರಗಿತ್ತಿಯರಿದ್ದರು, ಕೊಟ್ಟಿಗೆಗೆ ಆಳೊಬ್ಬಳಿದ್ದಳು. ಎಲ್ಲಕ್ಕಿಂತ ಮುಖ್ಯವಾಗಿ ಅಜ್ಜನ ಸೋದರತ್ತೆಯೊಬ್ಬಳಿದ್ದಳು. ಹದಿನಾಲ್ಕಕ್ಕೆ ಗಂಡ ಸತ್ತು, ತಲೆ ಬೋಳಿಸಿಕೊಂಡು, ಕೆಂಪು ಸೀರೆ ಉಟ್ಟು ತವರಿಗೆ ಮರಳಿ ಬಂದವಳು. ಬಚ್ಚಲ ಒಲೆಗೆ ಬೆಳಗಿನ ಜಾವ ಬೆಂಕಿ ಹಾಕುವವಳು ಅವಳು, ಹಂಡೆಗೆ ನೀರು ತುಂಬುವವಳು ಅವಳು, ಬಾಣಂತಿಯ ಬೆನ್ನಿಗೆ ಎಣ್ಣೆ ತಿಕ್ಕಿ ಬಿಸಿನೀರು ಎರೆಯುವವಳು, ಮೆಣಸಿನ ಸಾರು ಕುದಿಸುವವಳು, ಕೂಸಿನ ಹೊಲಸು ಬಟ್ಟೆ ಒಗೆಯುವವಳು ಎಲ್ಲ ಅವಳೇ. ಆ ಮನೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಬಾಣಂತನ ಮಾಡಿದಳು. ತಾನು ಒಂದು ದಿನವೂ ಬಾಣಂತಿಯಾಗಲಿಲ್ಲ. ಎಲ್ಲರೂ ಅವಳನ್ನು ದೊಡ್ಡತ್ತೆ ಎನ್ನುತ್ತಿದ್ದರು; ಅವಳ ಹೆಸರೇನೆಂದು ನನ್ನ ಅಮ್ಮನಿಗೂ ಗೊತ್ತಿರಲಿಲ್ಲ. ಅಜ್ಜಿ ಗಟ್ಟಿಯಾಗಿದ್ದಳು, ನಿಜ. ಆ ಗಟ್ಟಿತನದ ಅರ್ಧ ಪಾಲು ದೊಡ್ಡತ್ತೆಯ ತೋಳಿನದು.

“ಹಾಗಾದರೆ ಕೂಲಿ ಮಾಡುವ ಹೆಂಗಸರು? ಹೆತ್ತ ಹತ್ತನೇ ದಿನಕ್ಕೇ ಗದ್ದೆಗೆ ಇಳಿಯುತ್ತಿರಲಿಲ್ಲವೇ?” ಎಂದು ಮರುಪ್ರಶ್ನೆ ಬರುತ್ತದೆ. ಇಳಿಯುತ್ತಿದ್ದರು, ಈಗಲೂ ಇಳಿಯುತ್ತಾರೆ. ಮೈಗೆ ಆಗುತ್ತಿತ್ತೆಂದು ಇಳಿದದ್ದಲ್ಲ, ಮನೆಯಲ್ಲಿ ಅಕ್ಕಿ ಇಲ್ಲವೆಂದು ಇಳಿದದ್ದು. ಮೊಮ್ಮಗಳಿಗೆ ನೀರು ಹಾಕಲು ನಮ್ಮ ಮನೆಗೆ ಬರುವ ಹೆಂಗಸಿಗೆ ಈಗ ಐವತ್ತು ದಾಟಿದೆ. ಮೂರನೆಯ ಹೆರಿಗೆಯಾದ ಇಪ್ಪತ್ತನೇ ದಿನಕ್ಕೆ ಅವಳು ನಾಟಿಗೆ ಹೋಗಿದ್ದಳು. ಕೆಸರಲ್ಲಿ ಬಗ್ಗಿ ಬಗ್ಗಿ ಗರ್ಭಕೋಶ ಜಾರಿತು. ಹದಿನೈದು ವರ್ಷ ಹಾಗೇ ಇಟ್ಟುಕೊಂಡು ಓಡಾಡಿದಳು, ಕೊನೆಗೆ ತೆಗೆಸಿದಳು. ಕಾಲು ನೀಡಿ ಕೂತು, ಮಗುವನ್ನು ಮೊಣಕಾಲ ಮೇಲೆ ಮಲಗಿಸಿಕೊಂಡು, ಅಂಗೈಯಲ್ಲಿ ನೀರು ಹಿಡಿದು ತಲೆಗೆ ತಟ್ಟುತ್ತ ಇದನ್ನೆಲ್ಲ ನನ್ನ ಮಗಳಿಗೆ ಹೇಳಿದಳು. “ನೀನು ಏಳಬೇಡ ಅಕ್ಕಾ, ಮಲ್ಕೋ” ಎಂದು ಸೇರಿಸಿದಳು. ಅವಳು ಗದ್ದೆಗಿಳಿದದ್ದನ್ನು ಉದಾಹರಣೆ ಕೊಟ್ಟು ಇನ್ನೊಬ್ಬ ಬಾಣಂತಿಯನ್ನು ಎಬ್ಬಿಸುವವರು ಅವಳನ್ನು ಒಂದು ಸಲ ಕೇಳಿ ನೋಡಬೇಕು.

ಸರ್ಕಾರಕ್ಕೂ ವಿಶ್ರಾಂತಿಯ ಬೆಲೆ ಗೊತ್ತಿಲ್ಲದಿಲ್ಲ. 2017ರಲ್ಲಿ ಬಂದ ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯ ಉದ್ದೇಶವನ್ನೇ ಓದಿ: ಕೂಲಿ ನಷ್ಟವನ್ನು ಒಂದಿಷ್ಟು ತುಂಬಿಕೊಟ್ಟು, ಹೆರಿಗೆಯ ಮೊದಲೂ ಆಮೇಲೂ ತಾಯಿ ಸಾಕಷ್ಟು ವಿಶ್ರಾಂತಿ ಪಡೆಯುವಂತೆ ಮಾಡುವುದು. ಮೊದಲ ಮಗುವಿಗೆ ಕೊಡುವುದು 5,000 ರೂಪಾಯಿ, ಅದೂ ಕಂತಿನಲ್ಲಿ. 2013ರ ಆಹಾರ ಭದ್ರತಾ ಕಾಯ್ದೆ 6,000ಕ್ಕೆ ಕಡಿಮೆ ಇರಬಾರದು ಎಂದು ಬರೆದಿತ್ತು. ಇಂದಿನ ಕೂಲಿಯಲ್ಲಿ ಈ ಹಣ ಎಷ್ಟು ದಿನದ ವಿಶ್ರಾಂತಿ, ಲೆಕ್ಕ ಹಾಕಿ. ಇಪ್ಪತ್ತು ದಿನವೂ ದಾಟುವುದಿಲ್ಲ. ನಮ್ಮ ರಾಜ್ಯದ ಮಾತೃಪೂರ್ಣ ಯೋಜನೆ 2017ರ ಅಕ್ಟೋಬರ್ 2ರಂದು ಶುರುವಾಯಿತು. ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲೇ ಬಿಸಿಯೂಟ. ಮನೆಗೆ ಕೊಟ್ಟರೆ ಅವಳ ಪಾಲು ಮನೆಮಂದಿಗೆಲ್ಲ ಹಂಚಿಹೋಗುತ್ತದೆ ಎಂಬ ಭಯ ಯೋಜನೆ ಮಾಡಿದವರದು, ಆ ಭಯ ಸರಿಯಾದದ್ದೇ. ಆದರೆ ಒಂದೊಂದು ಗುಡ್ಡಕ್ಕೆ ಒಂದೊಂದು ಮನೆಯಿರುವ ನಮ್ಮ ಮಲೆನಾಡಿನಲ್ಲಿ, ಮಳೆಯಲ್ಲಿ, ಹಸಿಮೈಯ ಬಾಣಂತಿ ಹಳ್ಳ ದಾಟಿ ಊಟಕ್ಕೆ ನಡೆದು ಬರಬೇಕೆಂದರೆ ಅವಳೂ ಬರಲಿಲ್ಲ, ಊಟವೂ ಮುಟ್ಟಲಿಲ್ಲ. ಅವಳಿಗೆ ಊಟ ತಂದುಕೊಡುವ ಕಾಲು ಬೇರೆಯದಿರಬೇಕು ಎಂಬುದನ್ನು ಆ ನಿಯಮ ಬರೆದವರು ಯೋಚಿಸಲಿಲ್ಲ.

ಈಗ ನನ್ನ ಲೆಕ್ಕ ಹೇಳುತ್ತೇನೆ. ಮಗು ಹುಟ್ಟಿದ ಇಪ್ಪತ್ತಮೂರನೇ ದಿನ, ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನ ಹಿಂಬದಿಯಲ್ಲಿ, ಬೆಳಿಗ್ಗೆ ಆರರಿಂದ ಮರುದಿನ ಬೆಳಿಗ್ಗೆ ಆರರವರೆಗೆ ನಡೆದದ್ದನ್ನೆಲ್ಲ ಗುರುತು ಹಾಕಿದೆ. ಮಗು ಹಾಲು ಕುಡಿದದ್ದು ಹನ್ನೊಂದು ಸಲ. ವೈದ್ಯರು ಹೇಳುವ ಲೆಕ್ಕವೂ ಅದೇ, ದಿನಕ್ಕೆ 8ರಿಂದ 12 ಸಲ. ಒಂದೊಂದು ಸಲ ಇಪ್ಪತ್ತು ನಿಮಿಷ ಕುಡಿಯುತ್ತದೆ. ಆಮೇಲೆ ಹೆಗಲ ಮೇಲೆ ಹಾಕಿಕೊಂಡು ತೇಗು ಬರಿಸಬೇಕು, ಒದ್ದೆ ಬಟ್ಟೆ ಬದಲಿಸಬೇಕು, ತಟ್ಟಿ ಮಲಗಿಸಬೇಕು. ಒಟ್ಟು ನಲವತ್ತು ನಿಮಿಷಕ್ಕೆ ಒಂದಿಷ್ಟೂ ಕಡಿಮೆಯಿಲ್ಲ. ಹನ್ನೊಂದು ಸಲಕ್ಕೆ 440 ನಿಮಿಷ, ಏಳು ಗಂಟೆ ಇಪ್ಪತ್ತು ನಿಮಿಷ. ಇದರಲ್ಲಿ ಹಾಲು ಕುಡಿಸುವುದನ್ನಂತೂ ಬೇರೆ ಯಾರೂ ಮಾಡಲಾರರು. ಹಾಲು ಅವಳ ಮೈಯಲ್ಲಿದೆ. ಒದ್ದೆಯಾದ ಬಟ್ಟೆ ಹತ್ತೊಂಬತ್ತು. ಹೊರಗೆ ಆಷಾಢದ ಮಳೆ, ಬಟ್ಟೆ ಬಿಸಿಲು ಕಾಣುವ ಹಾಗಿಲ್ಲ. ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ, ಹಳೇ ಸೀರೆ ಹರಿದು ಮಾಡಿದ ಬಟ್ಟೆಗಳನ್ನು ಒಂದೊಂದಾಗಿ ಹರವಿ, ತಿರುವಿ ಹಾಕಿ, ಹೊಗೆವಾಸನೆ ಹಿಡಿಯುವ ಮೊದಲು ತೆಗೆದು, ಕೈಯಿಂದ ಸವರಿ ಮೆತ್ತಗೆ ಮಾಡಿ ಮಡಿಸಿಡಬೇಕು. ಆ ದಿನ ನೋಡಲು ಬಂದವರು ನಾಲ್ಕು ಮನೆಯವರು. ಕಾಫಿ ನಾಲ್ಕು ಸಲ.

ಮಗಳ ನಿದ್ದೆ? ಒಟ್ಟು ಐದು ಗಂಟೆ, ಐದು ತುಂಡಿನಲ್ಲಿ. ಎಲ್ಲಕ್ಕಿಂತ ಉದ್ದದ ತುಂಡು ರಾತ್ರಿ ಒಂದು ಹತ್ತರಿಂದ ಮೂರರವರೆಗೆ. ಇಷ್ಟು ನಿದ್ದೆ ಬಂದದ್ದು ಅಡುಗೆ, ಪಾತ್ರೆ, ಬಟ್ಟೆ, ಕಸ, ನೀರು, ಬಂದವರು ಎಲ್ಲವನ್ನೂ ನಾನು ನೋಡಿಕೊಂಡಾಗ. ಅವಳು ಎದ್ದು ಒಂದು ಲೋಟ ತೊಳೆಯದೇ ಇದ್ದಾಗ.

ಈಗ ಆ ಮನೆಯಿಂದ ನನ್ನನ್ನು ತೆಗೆದು ನೋಡಿ. 2019ರಲ್ಲಿ ರಾಷ್ಟ್ರೀಯ ಸಾಂಖ್ಯಿಕ ಕಚೇರಿ ದೇಶದ ಜನ ದಿನವನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಮಗಳ 440ಕ್ಕೆ ಈ 299 ಸೇರಿಸಿದರೆ 739 ನಿಮಿಷ. ಹನ್ನೆರಡು ಗಂಟೆ ಮೀರಿತು. ಇನ್ನು ಮಗು ಸುಮ್ಮಸುಮ್ಮನೆ ಅಳುವ ಹೊತ್ತು, ಅವಳ ಸ್ನಾನ, ಅವಳ ಊಟ. ಕಾಗದದ ಮೇಲೆ ಮಿಕ್ಕ ಗಂಟೆಗಳು ಕಂಡಾವು. ಅವು ನಿದ್ದೆಯ ಗಂಟೆಗಳಲ್ಲ. ಹದಿನೈದು ನಿಮಿಷ, ಇಪ್ಪತ್ತು ನಿಮಿಷದ ಚೂರುಗಳು. ಚೂರು ಬಟ್ಟೆ ಎಷ್ಟು ಕೂಡಿಟ್ಟರೂ ಹೊದೆಯಲು ಕಂಬಳಿಯಾಗುವುದಿಲ್ಲ.

ಮಗು ಮಲಗಿದಾಗ ನೀನೂ ಮಲಗು ಎನ್ನುವ ಉಪದೇಶ ಇಲ್ಲಿ ಬಂದು ಕುಸಿಯುತ್ತದೆ. ಹುಟ್ಟಿದ ಹೊಸತರಲ್ಲಿ ಮಗು ದಿನಕ್ಕೆ 14ರಿಂದ 17 ಗಂಟೆ ಮಲಗುತ್ತದೆ, ನಿಜ. ಮಲಗುವುದು ಮಡಿಲಲ್ಲಿ. ಕೆಳಗಿಟ್ಟರೆ ಎದ್ದಿತೆಂದೇ ಲೆಕ್ಕ. ಹೇಗೋ ಕೆಳಗಿಟ್ಟಳು ಅನ್ನಿ, ಒಂಟಿಯಾಗಿರುವ ತಾಯಿಗೆ ಎರಡೂ ಕೈ ಖಾಲಿಯಾಗುವುದು ಆ ಒಂದು ಹೊತ್ತಿನಲ್ಲಿ ಮಾತ್ರ. ಅನ್ನ ಇಡುವುದು ಆಗ, ತಲೆ ಬಾಚುವುದು ಆಗ, ಕಕ್ಕಸಿಗೆ ಹೋಗುವುದು ಆಗ. ಆಗಲೇ ಮಲಗು ಎನ್ನುವವರು ಆ ಹೊತ್ತಿನಲ್ಲಿ ಅನ್ನ ಇಡಲು ಮನೆಗೆ ಬಂದರೆ ಉಪದೇಶಕ್ಕೆ ಅರ್ಥವಿದೆ. ಇಲ್ಲದಿದ್ದರೆ ಅದು ಹಸಿದವಳಿಗೆ ಉಣ್ಣು ಎಂದು ಹೇಳಿ ಬರಿ ತಟ್ಟೆ ಕೊಟ್ಟ ಹಾಗೆ.

ಹೆತ್ತವಳ ಮೈಯೊಳಗೆ ಏನಾಗುತ್ತಿದೆ ಎಂಬುದು ಹೊರಗೆ ಕಾಣುವುದಿಲ್ಲವಾದ್ದರಿಂದ ಹೇಳಿಬಿಡುತ್ತೇನೆ. ಹೆರಿಗೆಯಾದ ಕೂಡಲೇ ಗರ್ಭಕೋಶ ಸುಮಾರು ಒಂದು ಕಿಲೋ ತೂಗುತ್ತದೆ. ಮಾಸು ಕಿತ್ತು ಬಂದ ಜಾಗ ಹಸಿ ಗಾಯ. ಅದು ಮಾಗಿ, ಗರ್ಭಕೋಶ ಮೊದಲಿನ ಗಾತ್ರಕ್ಕೆ ಬರಲು ಆರು ವಾರ ಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹೆಚ್ಚುಕಡಿಮೆ ಮೂರಕ್ಕೊಂದು ಹೆರಿಗೆ ಹೊಟ್ಟೆ ಕೊಯ್ದು ಆಗುತ್ತಿದೆ. ಅವರಿಗೆ ಹೊಟ್ಟೆಯ ಮೇಲೆ ಇನ್ನೊಂದು ಗಾಯ. ಇದರ ಮೇಲೆ ಹಾಲು ತಯಾರಾಗಬೇಕು. ಅದಕ್ಕಾಗಿ ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚಿಗೆ ಉಣ್ಣಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುತ್ತದೆ. ಬೇರೆ ಯಾವ ಆಪರೇಷನ್ ಆದವರಿಗೂ ಮನೆಗೆ ಬಂದ ಮೊದಲ ರಾತ್ರಿಯೇ ಎರಡು ಗಂಟೆಗೊಮ್ಮೆ ಎದ್ದು ಕೂರು ಎನ್ನುವುದಿಲ್ಲ ನಾವು.

ನಿದ್ದೆ ಇಲ್ಲದಿರುವುದನ್ನು ಸೋಮಾರಿತನಕ್ಕೋ ನಾಜೂಕಿಗೋ ಕಟ್ಟುವವರಿಗೆ ಇನ್ನೊಂದು ಮಾತು ಹೇಳಬೇಕು. ತ್ರಿವೇಣಿಯವರ ಕಾದಂಬರಿ ‘ಶರಪಂಜರ’ ಕನ್ನಡಿಗರಿಗೆ ಹೊಸದಲ್ಲ; 1971ರಲ್ಲಿ ಪುಟ್ಟಣ್ಣ ಕಣಗಾಲರು ಸಿನಿಮಾ ಮಾಡಿದ ಮೇಲಂತೂ ಅದರ ನಾಯಕಿ ಕಾವೇರಿಯನ್ನು ಅರಿಯದ ಮನೆಯಿಲ್ಲ. ಕಾವೇರಿಯ ಮನಸ್ಸು ಕದಡಿದ್ದು ಹೆರಿಗೆಯ ಬೆನ್ನಿಗೆ. ಸಾವಿರ ಹೆರಿಗೆಯಲ್ಲಿ ಒಬ್ಬಿಬ್ಬರಿಗೆ ಬರುವ ಆ ಕಾಯಿಲೆ ಹೆಚ್ಚಾಗಿ ಮೊದಲ ಎರಡು ವಾರದಲ್ಲೇ ಕಾಣಿಸುತ್ತದೆ, ನಿದ್ದೆ ಹಾರಿಹೋಗುವುದು ಅದರ ಮೊದಲ ಸುಳಿವುಗಳಲ್ಲಿ ಒಂದು. ಅಷ್ಟು ತೀವ್ರವಲ್ಲದ ಬಾಣಂತಿ ಖಿನ್ನತೆಯಂತೂ ಇನ್ನೂ ಎಷ್ಟೋ ಹೆಚ್ಚು ಮಂದಿಗೆ ಬರುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ-ಮಗುವನ್ನು ಒಟ್ಟಿಗೇ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಿಭಾಗವಿದೆ. ಮಗು ಮಲಗಿದೆ, ಮನೆಯಲ್ಲಿ ಕೆಲಸಕ್ಕೆ ಜನರೂ ಇದ್ದಾರೆ, ಆದರೂ ಬಾಣಂತಿಗೆ ಕಣ್ಣು ಮುಚ್ಚಲಾಗುತ್ತಿಲ್ಲವೆಂದರೆ ಅವಳನ್ನು ವೈದ್ಯರಿಗೆ ತೋರಿಸಬೇಕು. ಅಂಥವಳ ಮುಂದೆ ಕೂತು “ನಾವೇನು ಹೆರಲಿಲ್ಲವೇ” ಎಂದರೆ ಅವಳು ಬಾಯಿ ಮುಚ್ಚಿಕೊಳ್ಳುತ್ತಾಳೆ. ಕಾಯಿಲೆ ಒಳಗೇ ಬೆಳೆಯುತ್ತದೆ.

ಮಿಕ್ಸಿ ಇದೆ, ವಾಷಿಂಗ್ ಮೆಷಿನ್ ಇದೆ, ಇನ್ನೇನು ಎನ್ನುವವರಿಗೆ ಹೆಚ್ಚು ಹೇಳಬೇಕಿಲ್ಲ. ಮೆಷಿನ್ ಬಟ್ಟೆಗೆ ಮೆತ್ತಿದ ಹೇಲು ತೆಗೆಯುವುದಿಲ್ಲ, ಒಣಹಾಕುವುದಿಲ್ಲ, ಮಡಿಸುವುದಿಲ್ಲ. ಒಂದು ಮೆಷಿನ್ ಬಂತು. ಅದರ ಜೊತೆಗೇ ಮನೆಯಿಂದ ನಾಲ್ಕು ಜೊತೆ ಕೈ ಹೋದವು.

ಹಾಗೆಂದು ಹಳೆಯ ಬಾಣಂತನವನ್ನು ಇದ್ದ ಹಾಗೆಯೇ ಎತ್ತಿ ತಲೆಯ ಮೇಲೆ ಇಟ್ಟುಕೊಳ್ಳಿ ಎನ್ನುತ್ತಿಲ್ಲ. ಅದರಲ್ಲಿ ಕೆಟ್ಟದ್ದು ಬಹಳ ಇತ್ತು. ನೀರು ಕುಡಿಯಬೇಡ, ಸೊಪ್ಪು ನಂಜು, ಬೇಳೆ ವಾಯು ಎಂದು ಬಿಳಿ ಅನ್ನ, ಮೆಣಸಿನ ಸಾರಿನ ಮೇಲೆಯೇ ತಿಂಗಳುಗಟ್ಟಲೆ ಇಡುತ್ತಿದ್ದರು. ಅಂಥ ಪಥ್ಯದಿಂದ ತಾಯಿಗೆ ಥಯಮಿನ್ ಎಂಬ ಬಿ-1 ಜೀವಸತ್ವ ಕಡಿಮೆಯಾಗಿ, ಅವಳ ಹಾಲನ್ನೇ ನಂಬಿದ ಮಗುವಿಗೆ ಏದುಸಿರು ಹತ್ತಿ ಹೃದಯ ಸೋಲುವುದನ್ನು ಕರ್ನಾಟಕದ ವೈದ್ಯರು ಈಚಿನ ವರ್ಷಗಳಲ್ಲೂ ಕಂಡು ದಾಖಲಿಸಿದ್ದಾರೆ. ಆ ಜೀವಸತ್ವದ ಚುಚ್ಚುಮದ್ದು ಹೊತ್ತಿಗೆ ಸರಿಯಾಗಿ ಬಿದ್ದರೆ ಮಗು ಗಂಟೆಗಳಲ್ಲಿ ಚೇತರಿಸಿಕೊಳ್ಳುತ್ತದೆ, ಇಲ್ಲವಾದರೆ ಕೈತಪ್ಪುತ್ತದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡ, ಸಾಂಬ್ರಾಣಿ ಹೊಗೆ; ಮಗುವಿನ ಮೂಗಿಗೂ ಕಿವಿಗೂ ಎಣ್ಣೆ. ಇವೆಲ್ಲ ಹೋಗಬೇಕು. ಪುರುಡು ಎಂದು ಹತ್ತು ದಿನ ಮೂಲೆಗಿಡುವುದೂ ಹೋಗಬೇಕು. ಆ ಹತ್ತು ದಿನ ಅವಳು ಅಡುಗೆಮನೆಗೆ ಹೋಗದೆ ಇದ್ದದ್ದು ಅವಳ ಮೇಲಿನ ಕನಿಕರದಿಂದಲ್ಲ, ಅವಳು ಮುಟ್ಟಿದ್ದು ಮೈಲಿಗೆ ಎಂಬ ಭಯದಿಂದ. ಮೈಲಿಗೆಯ ಹೆಸರಿನಲ್ಲಿ ಸಿಕ್ಕ ವಿಶ್ರಾಂತಿಯನ್ನು ನಮ್ಮ ಹಿರಿಯರ ವಿಜ್ಞಾನ ಎಂದು ಹೊಗಳುವವರೊಂದಿಗೆ ನಾನಿಲ್ಲ. ಪಥ್ಯ ಬಿಡಿ, ಹೊಗೆ ಬಿಡಿ, ಪುರುಡು ಬಿಡಿ. ಬಿಡಬಾರದ್ದು ಒಂದೇ, ಬಾಣಂತಿಯ ಸುತ್ತ ಇದ್ದ ಕೈಗಳು. ಈಗ ಎಷ್ಟೋ ಮನೆಗಳಲ್ಲಿ ನಡೆಯುತ್ತಿರುವುದು ತಿರುಗಾಮುರುಗಾ: ಪಥ್ಯ ಉಳಿದಿದೆ, ಕೈ ಹೋಗಿದೆ.

ಆ ಕೈಗಳೂ ಎಲ್ಲ ಹೆಂಗಸರದ್ದೇ ಆಗಿದ್ದವು, ಅದೂ ತವರಿನ ಹೆಂಗಸರದ್ದು. ಇದರ ಕೇಡನ್ನು ನಾನು ಉಂಡಿದ್ದೇನೆ. ತವರಲ್ಲಿ ಐದು ತಿಂಗಳು ಅಮ್ಮ ನನ್ನನ್ನು ನೆಲಕ್ಕೆ ಕಾಲಿಡಗೊಡಲಿಲ್ಲ. ಉಡಿ ತುಂಬಿ, ತೊಟ್ಟಿಲು ಕೊಟ್ಟು ಕಳಿಸಿದರು. ಗಂಡನ ಮನೆಗೆ ಬಂದ ಮರುದಿನ ಬೆಳಿಗ್ಗೆ ಐದೂವರೆಗೆ ಅಡುಗೆಮನೆ ನನ್ನ ಕೈಗೆ ಬಂತು. “ಐದು ತಿಂಗಳು ಆರಾಮಾಗಿ ಇದ್ದು ಬಂದಿದ್ದೀಯಲ್ಲ” ಎಂದರು ಅತ್ತೆ. ಉಂಡ ವಿಶ್ರಾಂತಿಯೆಲ್ಲ ಸಾಲದ ಲೆಕ್ಕಕ್ಕೆ ಹೋಗಿತ್ತು, ತೀರಿಸಬೇಕಿತ್ತು. ಅಕ್ಕಿರೊಟ್ಟಿ ತಟ್ಟುತ್ತಿದ್ದೆ, ಎರಡೂ ಕೈ ಹಿಟ್ಟು. ಹೊರಗೆ ಜಗಲಿಯಲ್ಲಿ ಮಗು ಅಳತೊಡಗಿತು. ಅಳು ಕೇಳಿದ ಕೂಡಲೇ ಎದೆ ತುಂಬಿ ಹಾಲು ಒಸರಿ ರವಿಕೆ ಒದ್ದೆಯಾಯಿತು. ಮಗುವಿನ ಪಕ್ಕದಲ್ಲೇ ಕೂತಿದ್ದ ನನ್ನ ಗಂಡ ಕರೆದರು: “ಮಗು ಅಳ್ತಾ ಇದೆ ನೋಡು.” ಅವರು ಕಟುಕರಲ್ಲ. ಮಗುವನ್ನು ಎತ್ತಿಕೊಳ್ಳಲು ಅವರಿಗೆ ಬರುತ್ತಿರಲಿಲ್ಲ. ಐದು ತಿಂಗಳಲ್ಲಿ ಮೂರು ಸಲ ಬಂದು, ಬಾಗಿಲಲ್ಲಿ ನಿಂತು ನೋಡಿ, ಊಟ ಮಾಡಿ ಹೋಗಿದ್ದ ನೆಂಟರು ಅವರು. ಬಾಣಂತಿ ಕೋಣೆಗೆ ಗಂಡಸರು ಬರಬಾರದು ಎಂಬ ಪದ್ಧತಿ ತಾಯಿಗೆ ನಾಲ್ಕು ದಿನದ ನೆಮ್ಮದಿ ಕೊಟ್ಟು, ತಂದೆಯನ್ನು ಮಗುವಿನ ಮಟ್ಟಿಗೆ ಜನ್ಮವಿಡೀ ಪರಕೀಯನನ್ನಾಗಿ ಮಾಡಿತು.

ಆ ಪದ್ಧತಿಯನ್ನು ಇಂದಿನ ಕಾನೂನೂ ಮುಂದುವರಿಸಿದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಮಾಡಿ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿದರು. ಹತ್ತು ಜನರಿಗಿಂತ ಕಡಿಮೆ ಇರುವ ಅಂಗಡಿಯವಳಿಗೆ, ಮನೆಗೆಲಸದವಳಿಗೆ, ಗದ್ದೆಯವಳಿಗೆ ಅದು ದಕ್ಕುವುದಿಲ್ಲ. ದಕ್ಕಿದವಳಿಗೂ ಮನೆಯವರು ಅದನ್ನು ಬೇರೆ ರೀತಿ ಓದುತ್ತಾರೆ: ಹೇಗೂ ರಜೆಯಲ್ಲಿ ಮನೆಯಲ್ಲೇ ಇದ್ದಾಳಲ್ಲ, ಕೆಲಸದವಳನ್ನು ಬಿಡಿಸೋಣ. ತಂದೆಗೆ ಕೇಂದ್ರ ಸರ್ಕಾರದ ನೌಕರನಾದರೆ 15 ದಿನ. ಖಾಸಗಿ ಕಂಪನಿಯವನಿಗೆ ಕಾನೂನಿನಲ್ಲಿ ಒಂದು ದಿನವೂ ಇಲ್ಲ. ನನ್ನ ಅಳಿಯನಿಗೆ ಸಿಕ್ಕಿದ್ದು ಐದು ದಿನ. ನಾಲ್ಕು ದಿನ ಆಸ್ಪತ್ರೆಯಲ್ಲೇ ಮುಗಿದವು. ಗಂಡಸಿಗೆ ರಜೆ ಕೊಟ್ಟರೆ ಮಲಗಿ ಕಳೆಯುತ್ತಾನೆ ಎನ್ನುತ್ತಾರೆ. ಮನೆಮಂದಿ ಅವನನ್ನು ಹಾಗೆ ಮಲಗಲು ಬಿಟ್ಟರೆ ಕಳೆದಾನು. ಅದೇ ಸಮಯ ಸಮೀಕ್ಷೆಯಲ್ಲಿ, 2019ರಲ್ಲಿ, ಒಂದು ದಿನದಲ್ಲಿ ಮನೆಗೆಲಸಕ್ಕೆ ಕೈಹಾಕಿದ ಗಂಡಸರು ನೂರಕ್ಕೆ 26 ಮಂದಿ. ಕೈಹಾಕಿದವರೂ ಮಾಡಿದ್ದು 97 ನಿಮಿಷ. 2024ರಲ್ಲಿ ಮತ್ತೆ ಕೇಳಿದಾಗ ಹೆಂಗಸರ 299 ಇಳಿದು 289 ಆಗಿತ್ತು, ಗಂಡಸರ 97 ಕೂಡ ಇಳಿದು 88 ಆಗಿತ್ತು. ಹೆಂಗಸರಿಗೆ ಕಡಿಮೆಯಾದ ಆ ಹತ್ತು ನಿಮಿಷ ಗಂಡಸರ ಹೆಗಲಿಗಂತೂ ಹೋಗಲಿಲ್ಲ.

ಅಳಿಯನಿಗೆ ನಾನು ಹೇಳಿದ್ದು ಇಷ್ಟೇ. “ನೀವು ಶುಕ್ರವಾರ ರಾತ್ರಿ ಬಂದು ಭಾನುವಾರ ಹೋಗುತ್ತೀರಿ. ಆ ಎರಡು ರಾತ್ರಿ ಹಾಲು ಕುಡಿಸಿದ ಮೇಲಿನ ಕೆಲಸವೆಲ್ಲ ನಿಮ್ಮದು. ನಾನು ಮಲಗುತ್ತೇನೆ, ಅವಳೂ ಮಲಗುತ್ತಾಳೆ.” ಮೊದಲ ರಾತ್ರಿ ಮಗುವನ್ನು ಹೆಗಲಿಗೆ ಹಾಕಿಕೊಳ್ಳಲು ಹೆದರಿ ನನ್ನನ್ನು ಎಬ್ಬಿಸಿದರು. ಮೂರನೇ ವಾರಕ್ಕೆ ಅಳುವಿನಲ್ಲೇ ಇದು ಹಸಿವು, ಇದು ಹೊಟ್ಟೆನೋವು ಎಂದು ಹೇಳುವಷ್ಟಾದರು. ಬಚ್ಚಲಲ್ಲಿ ಕುಕ್ಕುರುಗಾಲಲ್ಲಿ ಕೂತು ಬಟ್ಟೆ ಒಗೆಯುವುದನ್ನು ನೋಡಿ ನನ್ನ ನೆರೆಯವರು ಮೂಗಿನ ಮೇಲೆ ಬೆರಳಿಟ್ಟರು. ಇಡಲಿ. ಶನಿವಾರ ಬೆಳಿಗ್ಗೆ ನನ್ನ ಮಗಳು ಏಳುವುದು ಎಂಟು ಗಂಟೆಗೆ. ವಾರದಲ್ಲಿ ಅವಳ ಮುಖ ತಿಳಿಯಾಗಿರುವುದು ಆ ಒಂದು ಹೊತ್ತಿನಲ್ಲಿ.

ನೋಡಲು ಬರುವವರಿಗೂ ಒಂದು ಮಾತು. ಬಾಣಂತಿ ಮನೆಗೆ ಕುಲಾವಿ, ಬೆಳ್ಳಿ ಬಟ್ಟಲು ತರಬೇಡಿ. ಒಂದು ಪಾತ್ರೆ ಸಾರು ತನ್ನಿ. ಕಾಫಿ ಕೇಳಬೇಡಿ, ಕುಡಿದರೆ ಲೋಟ ತೊಳೆದಿಟ್ಟು ಹೋಗಿ. ಮನೆ ಹರವಿಕೊಂಡಿದ್ದರೆ ಕಣ್ಣು ಹಾಯಿಸಬೇಡಿ. ಬಾಯಿಗೆ ಆ ಹಳೆಯ ಪ್ರಶ್ನೆ ಬಂದರೆ ನುಂಗಿಕೊಳ್ಳಿ.

ಹೋದ ವಾರ ಬೀಗಿತ್ತಿ ಫೋನ್ ಮಾಡಿದ್ದರು. ನನಗಿಂತ ಹಿರಿಯರು, ಧಾರವಾಡದ ಕಡೆಯ ಹಳ್ಳಿಯವರು, ಒಳ್ಳೆಯವರು. ಮಗ ಬಟ್ಟೆ ಒಗೆಯುವ ಸುದ್ದಿ ಅವರಿಗೂ ಮುಟ್ಟಿತ್ತು. ಆ ಮಾತು ಈ ಮಾತು ಆಡಿ, ಕೊನೆಗೆ ಅದನ್ನೇ ಎತ್ತಿದರು: “ನಾವೇನ್ ಹಡೀಲಿಲ್ಲೇನ್ರಿ? ನಾ ಅಂತೂ ನಾಕ್ ಹಡದೆ.” ನಾನು ಜಗಳವಾಡಲಿಲ್ಲ. “ಅಕ್ಕ, ಮೊದಲನೆಯದರ ಬಾಣಂತನ ನಿಮಗೆ ಯಾರು ಮಾಡಿದರು?” ಎಂದು ಕೇಳಿದೆ. ಅತ್ತ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಿಧಾನವಾಗಿ ಹೇಳಿದರು. ಅವರ ತಾಯಿ ಆಗಲೇ ತೀರಿಹೋಗಿದ್ದರಂತೆ. ಬಾಣಂತನಕ್ಕೆ ಅಂತ ತಂಗಿಯನ್ನು ಸಾಲಿ ಬಿಡಿಸಿ ಮನೆಯಲ್ಲಿ ನಿಲ್ಲಿಸಿಕೊಂಡರಂತೆ, ಆರನೇ ಇಯತ್ತೆಯಲ್ಲಿದ್ದಳಂತೆ. ಕೂಸಿನ ಬಟ್ಟೆ ಹೊತ್ತು ಹಳ್ಳಕ್ಕೆ ಹೋಗುವವಳು, ಅಳವಿ ಪಾಯಸ ಕುದಿಸುವವಳು, ರಾತ್ರಿ ತೊಟ್ಟಿಲ ಹಗ್ಗ ಕೈಯಲ್ಲಿ ಹಿಡಿದೇ ನಿದ್ದೆ ಹೋಗುವವಳು. “ಮೂರ್ ತಿಂಗಳಾದಮ್ಯಾಗ ಮತ್ತ ಸಾಲಿಗೆ ಹಾಕೂದಂತ ಇತ್ತು” ಎಂದರು ಬೀಗಿತ್ತಿ. “ಅಷ್ಟ್ರಾಗ ನಮ್ಮ ಅಣ್ಣನ ಹೇಂತಿ ಹಡದ್ಲು.”